ಬಾಡಿಗೆಯ ಉಡುಪು, ಅಜ್ಜಿಯ ಟ್ರಂಕು



ಈ ಸಲ ಬಂದ ಪತ್ರಗಳಲ್ಲಿ ಒಂದನ್ನು ಎರಡು ಮೂರು ಸಲ ಓದಿದೆ. ದಾವಣಗೆರೆ ಕಡೆಯ ಸೋದರಿಯೊಬ್ಬರು ಬರೆದದ್ದು. ಅವರ ಮಗಳು ನಾಲ್ಕನೆಯ ತರಗತಿ. ಶಾಲೆಯಲ್ಲಿ ನಾನಾ ಸಂಸ್ಕೃತಿಗಳ ಉಡುಪಿನ ದಿನ ಇಟ್ಟುಕೊಂಡಿದ್ದಾರೆ. ಹಾಜರಿ ಪುಸ್ತಕದ ಕ್ರಮದಲ್ಲಿ ಒಂದೊಂದು ಮಗುವಿಗೆ ಒಂದೊಂದು ರಾಜ್ಯ ಹಂಚಿದ್ದಾರೆ. ಇವರ ಮಗಳ ಪಾಲಿಗೆ ಬಂದದ್ದು ಉತ್ತರಾಖಂಡ. "ಬಾಡಿಗೆ ಅಂಗಡಿಯವರು ಐನೂರು ರೂಪಾಯಿ ಕೇಳುತ್ತಾರೆ. ಅಷ್ಟು ಕೊಟ್ಟರೂ ಅವರ ಹತ್ತಿರ ಇರುವುದು ರಾಜಸ್ಥಾನದ ಲಂಗ. ಅದನ್ನೇ ಹಾಕಿ ಉತ್ತರಾಖಂಡ ಅನ್ನಿ, ಯಾರಿಗೆ ಗೊತ್ತಾಗುತ್ತೆ ಅಂತಾರೆ. ಏನು ಮಾಡಲಿ ಅಕ್ಕಾ?" ಎಂದು ಕೇಳಿದ್ದಾರೆ.

ಯಾರಿಗೆ ಗೊತ್ತಾಗುತ್ತೆ! ನೋಡಿ, ಈ ಮಾತೇ ನನಗೆ ಹಿಡಿಸಲಿಲ್ಲ. ಮಗುವಿಗೆ ಗೊತ್ತಾಗಲಿ ಅಂತ ತಾನೇ ಶಾಲೆಯವರು ಈ ದಿನ ಇಡುವುದು? ಗೊತ್ತಾಗದೇ ಇರುವುದಕ್ಕೆ ಐನೂರು ರೂಪಾಯಿ ಏಕೆ ಕೊಡಬೇಕು? ಅಷ್ಟರಲ್ಲಿ ಮನೆಗೆ ಹದಿನೈದು ದಿನದ ತರಕಾರಿ ಬರುತ್ತದೆ.

ಆಗಸ್ಟ್, ನವೆಂಬರ್ ತಿಂಗಳು ಬಂತೆಂದರೆ ನಮ್ಮಂಥ ತಾಯಂದಿರ ಮೊಬೈಲಿಗೆ ಶಾಲೆಯಿಂದ ಸಂದೇಶದ ಮೇಲೆ ಸಂದೇಶ. ನಾಳಿದ್ದು ಪಂಜಾಬ್, ಆಚೆ ನಾಳಿದ್ದು ಕೇರಳ. ರಾತ್ರಿ ಎಂಟು ಗಂಟೆಗೆ ತಿಳಿಸಿ ಬೆಳಿಗ್ಗೆ ಎಂಟಕ್ಕೆ ಕಳಿಸಿ ಅನ್ನುವವರೂ ಇದ್ದಾರೆ. ಮಗು ಮೈ ಚುಚ್ಚುವ ಪಾಲಿಯೆಸ್ಟರ್ ಬಟ್ಟೆ ಹಾಕಿಕೊಂಡು, ತುಟಿಗೆ ಬಣ್ಣ ಬಳಿದುಕೊಂಡು, ವೇದಿಕೆಯ ಮೇಲೆ ಅರ್ಧ ನಿಮಿಷ ನಿಂತು, ಕಲಿತ ಎರಡು ವಾಕ್ಯ ಹೇಳಿ ಇಳಿದರೆ ಮುಗಿಯಿತು. ಫೋಟೋ ಬಂತು. ಮಗು ಏನು ಕಲಿಯಿತು? ಬಟ್ಟೆಯನ್ನು ಅಂಗಡಿಯಿಂದ ತಂದು ಸಾಯಂಕಾಲ ವಾಪಸ್ ಕೊಡಬೇಕು ಎಂಬುದನ್ನು ಕಲಿಯಿತು.

ಹಾಗಂತ ಈ ದಿನವೇ ಬೇಡ ಎಂದು ನಾನು ಹೇಳುವವಳಲ್ಲ. ಹಳ್ಳಿ ಪಟ್ಟಣಗಳ ಮಕ್ಕಳಿಗೆ ಅಸ್ಸಾಮಿನವರು ಏನು ಉಡುತ್ತಾರೆ, ಏಕೆ ಹಾಗೆ ಉಡುತ್ತಾರೆ ಎಂದು ತಿಳಿಯಲು ಬೇರೆ ದಾರಿ ಎಲ್ಲಿದೆ? ಟಿ.ವಿ.ಯಲ್ಲಂತೂ ಎಲ್ಲರೂ ಒಂದೇ ಥರದ ಸೀರೆ ಉಟ್ಟು ಅಳುತ್ತಾರೆ. ಶಾಲೆಯಲ್ಲೇ ಕಲಿಯಬೇಕು. ಆದರೆ ಕಲಿಸುವ ರೀತಿಯಲ್ಲಿ ಕೆಲಸ ಕೆಟ್ಟರೆ ಕಲಿಸದೇ ಇದ್ದದ್ದಕ್ಕಿಂತ ಹೆಚ್ಚು ಕೆಡುತ್ತದೆ.

ಹೋದ ವರ್ಷ ನಮ್ಮೂರಿನ ಒಂದು ಶಾಲೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಶಾಲೆಯ ಹೆಸರು ಬೇಡ. ನಮ್ಮದು ಬಳ್ಳಾರಿ ಸೀಮೆ, ಸಂಡೂರಿನ ಬೆಟ್ಟಗಳು ತೀರಾ ದೂರವಿಲ್ಲ. ಸುತ್ತಮುತ್ತ ಲಂಬಾಣಿ ತಾಂಡಾಗಳಿವೆ, ಅಲ್ಲಿಂದ ಮಕ್ಕಳು ಬಸ್ಸಿನಲ್ಲಿ ಶಾಲೆಗೆ ಬರುತ್ತಾರೆ. ಐದನೆಯ ತರಗತಿಯಲ್ಲಿ ತಾಂಡಾದ ಹುಡುಗಿಯೊಬ್ಬಳಿಗೆ ಪಂಜಾಬಿನ ಪಾಲು ಬಂತು. ಪೇಟೆಯ ಅಂಗಡಿ ಮನೆತನದ ಹುಡುಗಿಗೆ ಲಂಬಾಣಿ ಪಾಲು ಬಂತು. ಮಕ್ಕಳಿಗೆ ಸೆರಗು ಜಡೆ ಸರಿಮಾಡಲು ನಾವು ನಾಲ್ಕೈದು ತಾಯಂದಿರು ಹೋಗಿದ್ದೆವು. ಬಾಡಿಗೆಯ ಲಂಬಾಣಿ ಲಂಗ ನೋಡಿದೆ. ಕನ್ನಡಿಯ ಬದಲು ಬೆಳ್ಳಿ ಬಣ್ಣದ ಕಾಗದದ ಬಿಲ್ಲೆ ಅಂಟಿಸಿದ್ದರು. ಒಂದೆರಡು ಆಗಲೇ ಉದುರಿ ನೆಲದ ಮೇಲೆ ಬಿದ್ದಿದ್ದವು.

ತಾಂಡಾದ ಹುಡುಗಿ ಅದನ್ನು ನೋಡಿ "ಹಿಂಗಿರಲ್ಲ" ಅಂದಳು. ಮೆಲ್ಲಗೇ ಅಂದದ್ದು. ಉಳಿದ ಮಕ್ಕಳು ನಕ್ಕವು. ಒಬ್ಬ ಹುಡುಗ "ಹಂಗಾರೆ ನೀನ್ಯಾಕೆ ಹಾಕ್ಕೊಂಡು ಬರಲ್ಲ?" ಅಂದ. ಆ ಹುಡುಗಿ ಪಂಜಾಬಿ ದುಪಟ್ಟಾ ಸರಿಮಾಡಿಕೊಂಡು ಹಿಂದೆ ಹೋಗಿ ನಿಂತಳು. ನನಗೆ ಕರುಳು ಚುರುಕ್ ಅಂದಿತು. ಅವಳ ಅಜ್ಜಿ ಮೈಮೇಲೆ ಉಟ್ಟ ಬಟ್ಟೆಗೆ ಅವಳ ಎದುರಿಗೇ ಬಹುಮಾನದ ಅಂಕ ಹಾಕುತ್ತಿದ್ದರು, ಅದೂ ಅಂಟು ಬಿಲ್ಲೆಯದಕ್ಕೆ.

ಅಲ್ಲಿಯ ಮಿಸ್ಸು ಚಿಕ್ಕ ವಯಸ್ಸಿನವರು, ಆದರೆ ಜಾಣೆ. ಆ ಕ್ಷಣ ಏನೂ ಅನ್ನಲಿಲ್ಲ. ಆಮೇಲೆ ತಾಂಡಾಕ್ಕೆ ಹೇಳಿ ಕಳಿಸಿ, ಮುಂದಿನ ಶನಿವಾರ ಆ ಹುಡುಗಿಯ ಅಜ್ಜಿಯನ್ನು ತರಗತಿಗೆ ಕರೆಸಿದರು. ನನ್ನನ್ನೂ ಕರೆದಿದ್ದರು, ಕಸೂತಿ ತೋರಿಸಲು. ಅಜ್ಜಿ ಮಾಮೂಲಿ ವಾಯಿಲ್ ಸೀರೆ ಉಟ್ಟು, ಕಂಕುಳಲ್ಲಿ ಒಂದು ಗಂಟು ಹಿಡಿದುಕೊಂಡು ಬಂದರು. ಈಗ ಹಬ್ಬಕ್ಕೆ ಮದುವೆಗೆ ಮಾತ್ರ ಉಡುವುದಂತೆ. ಗಂಟು ಬಿಚ್ಚಿ ಫೇಟಿಯಾ ಅಂದರೆ ಲಂಗವನ್ನು ಮೇಜಿನ ಮೇಲೆ ಇಟ್ಟರು. ಇಟ್ಟಾಗ ಸದ್ದಾಯಿತು, ಅಷ್ಟು ಭಾರ. ಆಮೇಲೆ ಬೆನ್ನು ತೆರೆದ ಕಾಂಚಳಿ, ತಲೆಯ ಮೇಲೆ ಹೊದೆಯುವ ಛಾಟಿಯಾ. ಕನ್ನಡಿ ಚೂರುಗಳನ್ನು ಅಂಟಿಸಿರಲಿಲ್ಲ, ಒಂದೊಂದರ ಸುತ್ತಲೂ ದಾರದ ಗೂಡು ಹೊಲಿದು ಕೂರಿಸಿತ್ತು. ಕವಡೆ, ಹಳೆಯ ನಾಣ್ಯ, ಗೆಜ್ಜೆ. ಬೇರೆ ಬೇರೆ ಬಟ್ಟೆಯ ತುಂಡುಗಳನ್ನು ಕೂಡಿಸಿದ್ದ ಅಂಚು.

ಲಂಬಾಣಿಗಳ ಹಿರಿಯರು ಎತ್ತುಗಳ ಮೇಲೆ ಉಪ್ಪು, ದವಸ ಹೇರಿಕೊಂಡು ಊರಿಂದೂರಿಗೆ ಸಾಗಿಸಿದವರು. ಮನೆಯೇ ಬೆನ್ನಿನ ಮೇಲಿದ್ದ ಕಾಲ ಅದು. ಹೊಸ ಥಾನು ಕೊಳ್ಳುವುದು ಕಷ್ಟ, ಸಿಕ್ಕಿದ ತುಂಡನ್ನು ಬಿಸಾಡುವ ಹಾಗಿಲ್ಲ. ಸಂಪತ್ತು ಅಂತ ಇದ್ದದ್ದನ್ನು ಮೈಮೇಲೇ ಹೊತ್ತು ನಡೆಯಬೇಕು. ತುಂಡು ಬಟ್ಟೆಗಳ ಅಂಚು, ನಾಣ್ಯಗಳ ಸಾಲು ನೋಡಿದಾಗ ಆ ನಡಿಗೆಯೇ ಕಣ್ಣಿಗೆ ಬರುತ್ತದೆ.

ಅಜ್ಜಿ ಮಕ್ಕಳ ಕೈಗೆ ಲಂಗ ಕೊಟ್ಟು "ಎತ್ತಿ ನೋಡ್ರಿ" ಅಂದರು. ಬಾಡಿಗೆ ಉಡುಪು ಹಾಕಿದ್ದ ಹುಡುಗಿ ಎರಡೂ ಕೈಯಲ್ಲಿ ಎತ್ತಿ, "ಅಜ್ಜಿ, ಇದನ್ನ ಉಟ್ಕೊಂಡು ಕುಣೀತೀರಾ?" ಅಂತ ಕೇಳಿದಳು. "ಕುಣಿಯೋಕಲ್ಲವ್ವಾ, ಹೊಲಕ್ಕೂ ಇದನ್ನೇ ಉಟ್ಟು ಹೋಗ್ತಿದ್ವಿ" ಅಂದರು ಅಜ್ಜಿ. ಒಂದು ಲಂಗ ಹೊಲಿಯಲು ಎಷ್ಟು ದಿನ ಅಂದರೆ, ಬಿಡುವಾದಾಗ ಹೊಲಿದು ಹೊಲಿದು ಒಂದು ಮಳೆಗಾಲ ಒಂದು ಬೇಸಿಗೆ ಕಳೆಯಿತು ಅಂದರು. ತರಗತಿ ನಿಶ್ಶಬ್ದ.

ಇನ್ನು ಆ ಮೊಮ್ಮಗಳು. ಖುಷಿಪಟ್ಟಳೋ ಇಲ್ಲವೋ ನಾನು ಹೇಳಲಾರೆ. ಅಜ್ಜಿ ಬರುವುದು ಬೇಡ ಅಂತ ಮನೆಯಲ್ಲಿ ಅತ್ತಿದ್ದಳಂತೆ. ತರಗತಿಯಲ್ಲಿ ಕೊನೆಯ ಬೆಂಚಿನಲ್ಲೇ ಕೂತಿದ್ದಳು. ಅಜ್ಜಿ ಹೊರಟಾಗ ಮಾತ್ರ ಎದ್ದು ಬಂದು, ಯಾರೂ ಹೇಳದೆ, ಆ ಗಂಟನ್ನು ತಾನೇ ಕಟ್ಟಿದಳು. ಯಾವ ಮಡಿಕೆ ಮೊದಲು, ಯಾವುದು ಆಮೇಲೆ ಎಂದು ಅವಳಿಗೆ ಗೊತ್ತಿತ್ತು.

ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ದೇಶಗಳ ಸಂಸ್ಕೃತಿ ಸಭೆ ನಡೆದಾಗ, ಸಂಡೂರಿನ ಕೇಂದ್ರದ ನಾನೂರೈವತ್ತಕ್ಕೂ ಹೆಚ್ಚು ಲಂಬಾಣಿ ಹೆಂಗಸರು ಹೊಲಿದ 1,755 ವಸ್ತುಗಳನ್ನು ಒಂದೇ ಕಡೆ ಇಟ್ಟು ಗಿನ್ನೆಸ್ ದಾಖಲೆ ಮಾಡಿದರು. ಪರದೇಶದವರು ಬಂದು ಬೆರಗಾಗಿ ನೋಡಿ ಹೋದದ್ದನ್ನು ಇಪ್ಪತ್ತು ಮೈಲಿಯೊಳಗಿನ ನಮ್ಮ ಶಾಲೆಗಳಲ್ಲಿ ಕಾಗದದ ಬಿಲ್ಲೆ ಅಂಟಿಸಿ ತೋರಿಸುತ್ತೇವೆ. ಏನು ಹೇಳೋಣ!

ಶಾಲೆಯ ಗೋಡೆಯ ಮೇಲಿನ ಪಟ ನೋಡಿರುತ್ತೀರಿ. ಒಂದು ರಾಜ್ಯಕ್ಕೆ ಒಂದು ಗಂಡು, ಒಂದು ಹೆಣ್ಣು, ಒಂದು ಉಡುಪು. ಕರ್ನಾಟಕ ಅಂದರೆ ಮೈಸೂರು ಪೇಟದ ಗಂಡಸು, ರೇಷ್ಮೆ ಸೀರೆಯ ಹೆಂಗಸು. ಹಾಗಾದರೆ ನಮ್ಮ ಅತ್ತೆಯವರು ಯಾವ ರಾಜ್ಯದವರು? ಅವರು ಬಾಗಲಕೋಟೆ ಕಡೆಯವರು, ಕೊನೆಯವರೆಗೂ ಇಳಕಲ್ ಸೀರೆ ಬಿಟ್ಟು ಬೇರೆ ಉಡಲಿಲ್ಲ. ಅದರ ಒಡಲಿಗೆ ಹತ್ತಿ, ಸೆರಗಿಗೆ ರೇಷ್ಮೆ. ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ, ಅದಕ್ಕೆ ತೋಪು ತೆನಿ ಎನ್ನುತ್ತಾರೆ. ಕೆಂಪು ಸೆರಗಿನ ಮೇಲೆ ಬಿಳಿಯ ತೆನೆ, ಬಾಚಣಿಗೆ, ಕೋಟೆಯ ಸಾಲು. ಅದರ ಮೇಲೆ ಕಸೂತಿ ಹಾಕಿದರೆ ಇನ್ನೂ ಚೆಂದ. ಗವಂತಿ, ಮುರಗಿ, ನೇಯ್ಗಿ, ಮೆಂತೆ ಎಂದು ನಾಲ್ಕು ಹೊಲಿಗೆ. ದಾರಕ್ಕೆ ಗಂಟು ಹಾಕುವ ಹಾಗಿಲ್ಲ, ಗವಂತಿ ಮುರಗಿ ಎರಡೂ ಒಳಗೂ ಹೊರಗೂ ಒಂದೇ ರೀತಿ ಕಾಣಬೇಕು.

ಆ ಶನಿವಾರ ನಾನು ತರಗತಿಯಲ್ಲಿ ಮಾಡಿಸಿದ್ದು ಇಷ್ಟೇ. ಮಕ್ಕಳ ಲೆಕ್ಕದ ಚೌಕುಳಿ ಪುಸ್ತಕ ತೆಗೆಸಿ, ಒಂದು ಚೌಕ ಬಿಟ್ಟು ಒಂದು ಚೌಕ ಗೆರೆ ಎಳೆಯುತ್ತಾ ಹೋಗಿ, ವಾಪಸ್ ಬರುವಾಗ ಬಿಟ್ಟ ಚೌಕ ತುಂಬಿಸಿ ಅಂದೆ. ಅದೇ ಗವಂತಿ. ಮೆಟ್ಟಿಲು ಮೆಟ್ಟಿಲಾಗಿ ಎಳೆದರೆ ಮುರಗಿ. ಹುಡುಗರೇ ಮೊದಲು ಗೋಪುರ ಮುಗಿಸಿದರು. ಲೆಕ್ಕದಲ್ಲಿ ಹಿಂದೆ ಬಿದ್ದ ಒಬ್ಬ ಹುಡುಗ ಆನೆಯನ್ನೂ ಬಿಡಿಸಿದ. ನಮ್ಮ ಅಜ್ಜಿಯಂದಿರು ಚೌಕುಳಿ ಪುಸ್ತಕವೂ ಇಲ್ಲದೆ, ಬಟ್ಟೆಯ ಎಳೆ ಎಣಿಸಿ ಇದನ್ನು ಮಾಡುತ್ತಿದ್ದರು ಅಂದರೆ ಮಕ್ಕಳಿಗೆ ನಂಬಿಕೆಯೇ ಬರಲಿಲ್ಲ.

ಕೊಡಗಿನ ಹೆಂಗಸರ ಸೀರೆಯ ನಿರಿಗೆ ಹಿಂದುಗಡೆ. ಸೆರಗನ್ನು ಎಡ ಕಂಕುಳ ಕೆಳಗಿನಿಂದ ತಂದು ಬಲ ಭುಜದ ಮೇಲೆ ಭದ್ರ ಮಾಡುತ್ತಾರೆ. ಕಾವೇರಿ ತಾಯಿ ಅಗಸ್ತ್ಯರ ಮೇಲೆ ಮುನಿದು ರಭಸದಿಂದ ಹರಿದಾಗ, ಬಲಮುರಿಯಲ್ಲಿ ತಡೆಯಲು ನಿಂತ ಹೆಂಗಸರ ನಿರಿಗೆ ಹಿಂದಕ್ಕೆ ಸರಿಯಿತು ಎಂದು ಕಥೆ. ಗುಡ್ಡ ಹತ್ತಿ ಇಳಿಯುವವರಿಗೆ ಮುಂದೆ ನಿರಿಗೆ ಇಲ್ಲದಿರುವುದು ಅನುಕೂಲ ಎನ್ನುವವರೂ ಇದ್ದಾರೆ. ಕಥೆಯನ್ನೂ ಹೇಳಿ, ಕಾರಣವನ್ನೂ ಹೇಳಿ. ಮಕ್ಕಳು ಎರಡನ್ನೂ ಇಟ್ಟುಕೊಳ್ಳುತ್ತವೆ.

ಅಂಕೋಲಾ ಕುಮಟಾ ಕಡೆಯ ಹಾಲಕ್ಕಿ ಹೆಂಗಸರದ್ದು ಮತ್ತೊಂದು ಬಗೆ. ರವಿಕೆ ಇಲ್ಲ, ಸೀರೆಯನ್ನು ಹೆಗಲಿಗೆ ಕಟ್ಟಿ, ಕೊರಳ ತುಂಬ ಮಣಿಸರ. 2021ರ ನವೆಂಬರ್ 8ರಂದು ತುಳಸಿ ಗೌಡ ಅವರು ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಸ್ವೀಕರಿಸಿದ್ದು ಇದೇ ಉಡುಪಿನಲ್ಲಿ, ಬರಿಗಾಲಲ್ಲಿ. ಗಿಡ ನೆಟ್ಟು ಬೆಳೆಸಿದ ಆ ತಾಯಿ 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಅವರ ವೇಷ ಹಾಕಿಸುವ ಶಾಲೆಗಳಿವೆ. ಹಾಕಿಸಲಿ, ಒಳ್ಳೆಯದೇ. ಆದರೆ ಅದಕ್ಕೆ ಮಗುವಿನ ಮುಖಕ್ಕೆ ಕಾಡಿಗೆ ಬಳಿಯುವುದೇಕೆ? ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ಕಾಡಿನವರು ಅಂದರೆ ಸೊಪ್ಪು ಕಟ್ಟುವುದು, ಮುಖಕ್ಕೆ ಮಸಿ, ತಲೆಗೆ ಕೋಳಿ ಪುಕ್ಕ. ಇದು ಉಡುಪಲ್ಲ, ಹಾಸ್ಯ. ಆ ಜನರ ಮಗುವೇ ಪಕ್ಕದ ಬೆಂಚಿನಲ್ಲಿ ಕೂತಿರಬಹುದು. ನಿಮ್ಮ ಮಗುವಿಗೆ ಹೀಗೆ ಮಾಡಿ ಕಳಿಸಿ ಎಂದು ಯಾರಾದರೂ ಹೇಳಿದರೆ ಖಂಡಿತ ಬೇಡ ಅನ್ನಿ. ಮರ್ಯಾದೆಯಿಂದಲೇ ಅನ್ನಿ, ಆದರೆ ಅನ್ನಿ.

ಸರಿ, ದಾವಣಗೆರೆಯ ಸೋದರಿಗೆ ಉತ್ತರ. ನಿಮ್ಮ ಮಗಳಿಗೆ ಉತ್ತರಾಖಂಡ ಬಂದದ್ದು ಆಕಸ್ಮಿಕವಿರಲಾರದು. 2015ರ ಅಕ್ಟೋಬರ್ 31ರಂದು ಸರ್ದಾರ್ ಪಟೇಲರ ಜಯಂತಿಯ ದಿನ ಪ್ರಧಾನಿಯವರು ಪ್ರಕಟಿಸಿದ 'ಏಕ ಭಾರತ ಶ್ರೇಷ್ಠ ಭಾರತ' ಯೋಜನೆಯಲ್ಲಿ ರಾಜ್ಯಗಳನ್ನು ಜೋಡಿ ಮಾಡಿದರು. ಕರ್ನಾಟಕಕ್ಕೆ ಜೋಡಿಯಾದದ್ದು ಉತ್ತರಾಖಂಡ. ಹಾಗಾಗಿ ನಮ್ಮ ಶಾಲೆಗಳಲ್ಲಿ ಆ ರಾಜ್ಯದ ಹಾಡು, ಊಟ, ಉಡುಪಿನ ಮಾತು ಬರುತ್ತಿರುತ್ತದೆ.

ಅಲ್ಲಿ ಗಡ್ವಾಲ್, ಕುಮಾವ್ ಎಂದು ಎರಡು ಸೀಮೆ. ಕುಮಾವಿನ ಹೆಂಗಸರ ಹೆಗ್ಗಳಿಕೆ ಪಿಛೋರಾ. ಸುಮಾರು ಮೂರು ಮೀಟರಿನ ಅರಿಸಿನ ಬಣ್ಣದ ಮೇಲುವಸ್ತ್ರ, ಮೈತುಂಬ ಕೆಂಪು ಚುಕ್ಕೆ. ನಡುವೆ ಸ್ವಸ್ತಿಕ, ಅದರ ನಾಲ್ಕು ಮೂಲೆಯಲ್ಲಿ ಸೂರ್ಯ, ಚಂದ್ರ, ಶಂಖ, ಗಂಟೆ. ಮದುವೆಯಲ್ಲಿ ಹೆಣ್ಣಿಗೆ ಹೊದಿಸುತ್ತಾರೆ. ಆಮೇಲೆ ನಾಮಕರಣ, ಪೂಜೆ, ಮನೆಯ ಯಾವುದೇ ಶುಭಕಾರ್ಯಕ್ಕೆ ಮುತ್ತೈದೆಯರು ಲಂಗದ ಮೇಲೋ ಸೀರೆಯ ಮೇಲೋ ಅದನ್ನು ಹೊದೆಯಲೇಬೇಕು. ಮೊದಲೆಲ್ಲ ಮನೆಯಲ್ಲೇ ಬಣ್ಣ ಕಟ್ಟುತ್ತಿದ್ದರು. ಹಳದಿಗೆ ಅರಿಸಿನ. ಕೆಂಪಿಗೂ ಅರಿಸಿನವೇ! ಅದಕ್ಕೆ ನಿಂಬೆರಸ, ಬಿಳಿಗಾರ ಸೇರಿಸಿ ತಾಮ್ರದ ಪಾತ್ರೆಯಲ್ಲಿಟ್ಟು ಕೆಂಪು ತೆಗೆಯುತ್ತಿದ್ದರು. ನಾಣ್ಯವನ್ನು ಬಟ್ಟೆಯಲ್ಲಿ ಸುತ್ತಿ, ಕೆಂಪಿನಲ್ಲಿ ಅದ್ದಿ ಚುಕ್ಕೆ ಒತ್ತುತ್ತಿದ್ದರು.

ಎಲ್ಲೋ ಕೇಳಿದ ಹಾಗಿದೆಯಲ್ಲ? ನಮ್ಮಲ್ಲಿ ಕುಂಕುಮ ಮಾಡುವುದೂ ಹೀಗೆಯೇ ಅಲ್ಲವೇ? ಆರತಿಯ ಓಕುಳಿ ನೀರಿಗೆ ಅರಿಸಿನ ಸುಣ್ಣ ಕಲಸಿ ಕೆಂಪು ಮಾಡುವುದಿಲ್ಲವೇ? ಸಾರು ಚೆಲ್ಲಿದ ಬಟ್ಟೆಗೆ ಸೋಪು ಉಜ್ಜಿದರೆ ಹಳದಿ ಕಲೆ ಕೆಂಪಗಾಗುವುದನ್ನು ಕಾಣದ ಗೃಹಿಣಿ ಯಾರು? ಹಿಮಾಲಯದ ಬುಡದ ಹೆಂಗಸರಿಗೂ ನಮಗೂ ಗೊತ್ತಿರುವ ಅಡುಗೆಮನೆಯ ಗುಟ್ಟು ಇದು. ನಿಮ್ಮ ಮಗಳು ವೇದಿಕೆಯ ಮೇಲೆ ಬೇರೆ ಏನೂ ಹೇಳದೆ ಇದನ್ನು ಹೇಳಿದರೆ ಸಾಕು.

ಮಾಡುವ ವಿಧಾನ ಬರೆದುಕೊಳ್ಳಿ. ಎರಡು ಮೀಟರ್ ತೆಳು ಬಿಳಿ ಹತ್ತಿ ಬಟ್ಟೆ, ಯಜಮಾನರ ಹಳೆಯ ಪಂಚೆಯಾದರೂ ಆದೀತು. ಗಂಜಿ ಇದ್ದರೆ ಒಗೆದು ತೆಗೆಯಿರಿ. ಬಟ್ಟೆ ಮುಳುಗುವಷ್ಟು ನೀರು ಕಾಯಿಸಿ, ಮೂರು ದೊಡ್ಡ ಚಮಚ ಅರಿಸಿನ, ಕಡಲೆಕಾಳಿನಷ್ಟು ಪಟಿಕದ ಪುಡಿ ಹಾಕಿ ಕದಡಿ. ಒದ್ದೆ ಬಟ್ಟೆಯನ್ನು ಅದರಲ್ಲಿ ಅರ್ಧ ಗಂಟೆ ನೆನೆಸಿ, ಆಗಾಗ ತಿರುವಿ ಹಾಕಿ. ಇಲ್ಲವಾದರೆ ಒಂದು ಕಡೆ ಗಾಢ, ಒಂದು ಕಡೆ ಪೇಲವ ಆಗುತ್ತದೆ. ತಣ್ಣೀರಲ್ಲಿ ಜಾಲಿಸಿ ನೆರಳಲ್ಲಿ ಒಣಗಿಸಿ. ಬಿಸಿಲಲ್ಲಿ ಹಾಕಿದರೆ ಅರಿಸಿನ ಹಾರಿಹೋಗುತ್ತದೆ. ಒಂದು ರೂಪಾಯಿ ನಾಣ್ಯವನ್ನು ಬಟ್ಟೆಯಲ್ಲಿ ಸುತ್ತಿ ದಾರ ಬಿಗಿದು ಮುದ್ರೆ ಮಾಡಿಕೊಳ್ಳಿ. ಚುಕ್ಕೆಗೆ ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಬಟ್ಟೆಯ ಕೆಂಪು ಬಣ್ಣವೇ ಸಾಕು. ಅರಿಸಿನ ಸುಣ್ಣದ ಕೆಂಪು ನೋಡಲು ಚೆಂದ, ಆದರೆ ಒಣಗಿದ ಮೇಲೆ ನಿಲ್ಲುವುದಿಲ್ಲ. ಅದನ್ನು ಬಟ್ಟಲಲ್ಲಿ ಕಲಸಿ ಮಕ್ಕಳಿಗೆ ತೋರಿಸಿ ಅಷ್ಟೇ. ಸುಣ್ಣ, ಬಿಳಿಗಾರ ಎರಡನ್ನೂ ಮಕ್ಕಳ ಕೈಗೆ ಕೊಡಬೇಡಿ, ಕಣ್ಣಿಗೆ ಬಿದ್ದರೆ ಕಷ್ಟ. ಮುದ್ರೆ ಒತ್ತುವ ಕೆಲಸ ಮಾತ್ರ ಮಗಳಿಗೇ ಬಿಡಿ. ಚುಕ್ಕೆ ಸಾಲು ತಪ್ಪಿದರೆ ತಪ್ಪಲಿ. ಉಡಲು ನಿಮ್ಮ ಮನೆಯ ಉದ್ದ ಲಂಗ, ತೋಳಿರುವ ರವಿಕೆ ಸಾಕು. ಕೊರಳಿಗೆ ಕೆಂಪು ಮಖಮಲ್ ಪಟ್ಟಿಯ ಮೇಲೆ ಚಿನ್ನದ ಬಣ್ಣದ ಕಾಗದದ ಚೌಕಗಳನ್ನು ಹೊಲಿದರೆ ಅದು ಗುಲೂಬಂದ್ ಎಂಬ ಅವರ ಕಂಠಾಭರಣದ ಮಾದರಿ. ಒಟ್ಟು ಖರ್ಚು ನೂರು ರೂಪಾಯಿ ದಾಟುವುದಿಲ್ಲ.

ಬೇರೆ ರಾಜ್ಯ ಬಂದವರಿಗೆ ಒಂದೆರಡು ಮಾತು. ಅಸ್ಸಾಮಿನ ಮೇಖಲಾ ಚಾದರ್ ಸೀರೆಯಲ್ಲ, ಎರಡು ಬೇರೆ ಬಟ್ಟೆ. ಕೆಳಗೆ ಕೊಳವೆಯಂತೆ ಹೊಲಿದ ಮೇಖಲಾ, ಮೇಲೆ ಚಾದರ್. ಕೇರಳದ ಮುಂಡು ನೇರಿಯದೂ ಹಾಗೇ, ಎರಡು ತುಂಡು. ಕಾಶ್ಮೀರದ ಫಿರನ್ ಅಷ್ಟು ಸಡಿಲ ಏಕೆಂದರೆ ಒಳಗೆ ಕೆಂಡದ ಕಾಂಗ್ಡಿ ಹಿಡಿದುಕೊಳ್ಳಲು ಜಾಗ ಬೇಕು. ನಾಗಾಲ್ಯಾಂಡಿನಲ್ಲಿ ಒಂದೊಂದು ಬುಡಕಟ್ಟಿಗೆ ಒಂದೊಂದು ಶಾಲು. ಆವೋ ನಾಗಾ ಜನರ ಯೋಧರ ಶಾಲನ್ನು ಹಿಂದೆ ಗಳಿಸಿದ ಗಂಡಸು ಮಾತ್ರ ಹೊದೆಯಬೇಕಿತ್ತು, ಯಾರೆಂದರೆ ಅವರು ಹೊದೆಯುವ ಹಾಗಿರಲಿಲ್ಲ. ಜಪಾನಿನ ಕಿಮೋನೋ ಬಂದರೆ ಎಡ ಮಗ್ಗುಲು ಮೇಲೆ ಬರುವಂತೆ ಮಡಿಸಿ. ಬಲ ಮಗ್ಗುಲು ಮೇಲೆ ಬಂದರೆ ಅದು ಅವರಲ್ಲಿ ಶವಕ್ಕೆ ಉಡಿಸುವ ರೀತಿ! ನಮ್ಮ ಮಕ್ಕಳ ಫೋಟೋಗಳಲ್ಲಿ ಅರ್ಧದಷ್ಟು ಹೀಗೇ ಇರುತ್ತವೆ, ಶಿವಶಿವಾ.

ಈ ಪಾಠ ನಾಲ್ಕನೆಯ ತರಗತಿಗೇ ನಿಲ್ಲಬಾರದು ಅಂತ ನನ್ನ ಅಭಿಪ್ರಾಯ. ನಮ್ಮ ಅಕ್ಕನ ಮಗಳು ಕೇಂದ್ರದ ಪಠ್ಯಕ್ರಮದಲ್ಲಿ ಓದಿದವಳು. ಅವಳ ಒಂಬತ್ತನೆಯ ತರಗತಿಯ ಇತಿಹಾಸ ಪುಸ್ತಕದಲ್ಲಿ ಉಡುಪಿನ ಸಾಮಾಜಿಕ ಇತಿಹಾಸ ಅಂತಲೇ ಒಂದು ಪಾಠವಿತ್ತು. ನನ್ನ ಇಂಗ್ಲಿಷು ಹೈಸ್ಕೂಲಿನಷ್ಟೇ. ಅವಳು ಓದಿ ಅರ್ಥ ಹೇಳುತ್ತಿದ್ದಳು, ನಾನು ಸೊಪ್ಪು ಬಿಡಿಸುತ್ತಾ ಕೇಳುತ್ತಿದ್ದೆ.

ತಿರುವಾಂಕೂರಿನಲ್ಲಿ ನಾಡಾರ್ ಹೆಂಗಸರು ಮೇಲಿನವರ ಎದುರು ಎದೆ ಮುಚ್ಚಿಕೊಳ್ಳುವ ಹಾಗಿರಲಿಲ್ಲ. ರವಿಕೆ ಹಾಕಿಕೊಂಡವರ ಬಟ್ಟೆಯನ್ನು ಬೀದಿಯಲ್ಲೇ ಕಿತ್ತರು. ವರ್ಷಗಟ್ಟಲೆ ಗಲಾಟೆ ನಡೆದ ಮೇಲೆ 1859ರಲ್ಲಿ ಮಹಾರಾಜರ ಸರ್ಕಾರ ಅಪ್ಪಣೆ ಕೊಟ್ಟಿತು, ಅದೂ ಮೇಲ್ಜಾತಿಯ ಹೆಂಗಸರು ಮುಚ್ಚಿಕೊಳ್ಳುವ ರೀತಿಯಲ್ಲಿ ಮಾತ್ರ ಅಲ್ಲ ಎಂಬ ಷರತ್ತಿನ ಮೇಲೆ. ಕೇಳಿ ಸೊಪ್ಪು ಕೈಯಲ್ಲೇ ಉಳಿಯಿತು. ರವಿಕೆಯ ತೋಳು ಉದ್ದವೋ ಗಿಡ್ಡವೋ ಎಂದು ನಾವು ದರ್ಜಿಯ ಹತ್ತಿರ ವಾದ ಮಾಡುತ್ತೇವೆ, ಒಂದು ರವಿಕೆಗಾಗಿ ಏಟು ತಿಂದವರಿದ್ದಾರೆ ಅಂತ ಯಾರು ನೆನೆಯುತ್ತೇವೆ?

ಅದೇ ಪಾಠದಲ್ಲಿ ಜ್ಞಾನದಾನಂದಿನಿ ದೇವಿಯ ವಿಷಯವಿತ್ತು. ರವೀಂದ್ರನಾಥ ಠಾಕೂರರ ಅತ್ತಿಗೆ. ಗಂಡ ಸತ್ಯೇಂದ್ರನಾಥರು ಐ.ಸಿ.ಎಸ್. ಪಾಸಾದ ಮೊದಲ ಭಾರತೀಯರು, ನಮ್ಮ ಕಾರವಾರದಲ್ಲೂ ನ್ಯಾಯಾಧೀಶರಾಗಿದ್ದವರು. ಈಕೆ ಬೊಂಬಾಯಿಯಲ್ಲಿ ಪಾರ್ಸಿ ಹೆಂಗಸರನ್ನು ನೋಡಿ ರವಿಕೆ ತೊಟ್ಟು, ಸೆರಗನ್ನು ಎಡ ಭುಜಕ್ಕೆ ಪಿನ್ನು ಹಾಕಿ ಉಡುವುದನ್ನು ಕಲಿತು ಕಲ್ಕತ್ತೆಗೆ ಒಯ್ದರು. ಬ್ರಹ್ಮಸಮಾಜದ ಹೆಂಗಸರು ಅದನ್ನು ಹಿಡಿದುಕೊಂಡದ್ದರಿಂದ ಬ್ರಾಹ್ಮಿಕಾ ಸೀರೆ ಎಂದೇ ಹೆಸರಾಯಿತು. ಇವತ್ತು ನಾವು ಅನಾದಿಕಾಲದ್ದು ಅಂದುಕೊಳ್ಳುವ ಎಷ್ಟೋ ಸಂಗತಿಗಳು ಹೀಗೆ ಒಬ್ಬ ಹೆಂಗಸು ಇನ್ನೊಬ್ಬಳನ್ನು ನೋಡಿ ಕಲಿತವು.

ಇನ್ನು ಗಾಂಧೀಜಿ. ಪ್ರತಿ ವೇಷಭೂಷಣ ಸ್ಪರ್ಧೆಯಲ್ಲೂ ಒಬ್ಬ ಪುಟ್ಟ ಗಾಂಧಿ ಇರಲೇಬೇಕು, ಬಾಡಿಗೆ ಇಲ್ಲ ನೋಡಿ! ಆದರೆ ಆ ತುಂಡುಪಂಚೆ ಏಕೆ ಎಂದು ಆ ಮಗುವಿಗೆ ಯಾರಾದರೂ ಹೇಳಿರುತ್ತಾರೆಯೇ? ಪರದೇಶಿ ಬಟ್ಟೆ ಬಿಡಿ ಅಂದರೆ ಖಾದಿ ಕೊಳ್ಳಲು ದುಡ್ಡಿಲ್ಲ ಎಂದು ಬಡವರು ಹೇಳಿದಾಗ, ಹಾಗಾದರೆ ಬರೀ ತುಂಡು ಬಟ್ಟೆ ಸಾಕು ಎಂದು 1921ರ ಸೆಪ್ಟೆಂಬರಿನಲ್ಲಿ ಮಧುರೆಯಲ್ಲಿ ತಾವೇ ಮೊದಲು ಉಟ್ಟರು.

ಈ ಪಾಠವನ್ನು ಪುಸ್ತಕದ ಹೊರೆ ಕಡಿಮೆ ಮಾಡುವ ಲೆಕ್ಕದಲ್ಲಿ 2019ರಲ್ಲಿ ತೆಗೆದುಬಿಟ್ಟರು. ಹೊರೆ ಹೆಚ್ಚಾಗಿತ್ತು ನಿಜ, ನಮ್ಮ ಮಕ್ಕಳ ಬ್ಯಾಗು ಎತ್ತಿದವರಿಗೆ ಗೊತ್ತು. ಆದರೂ ತೆಗೆಯಲು ಇದೇ ಆಗಬೇಕಿತ್ತೇ? ಬ್ಯಾಗಿನಿಂದ ತೆಗೆದದ್ದನ್ನು ಮನೆಯಲ್ಲಿ ಹೇಳುವುದಕ್ಕೆ ಯಾರ ಅಡ್ಡಿಯೂ ಇಲ್ಲವಲ್ಲ. ಸಂಜೆ ಬಟ್ಟೆ ಮಡಿಸುವಾಗ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಶಾಲೆಯ ದಿನಕ್ಕೆ ಮನೆಯ ಹಳೆಯ ಬಟ್ಟೆಯನ್ನೇ ಕಳಿಸುವುದಾದರೆ ಸ್ವಲ್ಪ ಎಚ್ಚರಿಕೆ. ಇಳಕಲ್ ಸೆರಗಿಗಾಗಲಿ ಹಳೆಯ ರೇಷ್ಮೆಗಾಗಲಿ ಪಿನ್ನು ಚುಚ್ಚಬೇಡಿ, ಎಳೆ ಹರಿದು ಬಿರುಕು ಉದ್ದಕ್ಕೂ ಓಡುತ್ತದೆ. ಸೂಜಿದಾರದಿಂದ ಎರಡು ಸಡಿಲ ಹೊಲಿಗೆ ಹಾಕಿ ನಿಲ್ಲಿಸಿ, ಆಮೇಲೆ ಬಿಚ್ಚಿದರಾಯಿತು. ಒಂಬತ್ತು ಗಜದ ಸೀರೆಯನ್ನು ಚಿಕ್ಕ ಮಗುವಿಗೆ ಉಡಿಸಲು ಕತ್ತರಿಸುವವರಿದ್ದಾರೆ, ದಯವಿಟ್ಟು ಬೇಡ. ಅರ್ಧಕ್ಕೆ ಉದ್ದುದ್ದ ಮಡಿಸಿ ಸೊಂಟಕ್ಕೆ ನಾಡಾ ಕಟ್ಟಿ ಸಿಕ್ಕಿಸಿ. ಕನ್ನಡಿ ಕೆಲಸದ ಬಟ್ಟೆಯನ್ನು ಒಗೆಯದೆ, ಒದ್ದೆ ಅರಿವೆಯಲ್ಲಿ ಒತ್ತಿ ಒರೆಸಿ, ನಡುವೆ ಹಳೆಯ ಮೆತ್ತನೆಯ ಪಂಚೆ ಇಟ್ಟು ಸುತ್ತಿಡಿ. ಬೇರೆಯವರ ಮನೆಯಿಂದ ತಂದದ್ದಾದರೆ ಸಂಜೆಯೇ ಹಿಂದಕ್ಕೆ ಕೊಡಿ, ಮಗುವಿನ ಕೈಯಲ್ಲೇ ಕೊಡಿಸಿ. ಬಟ್ಟೆಯ ಒಡತಿ ಅದರ ವಿಷಯ ಏನಾದರೂ ಹೇಳುವುದು ಆಗಲೇ.

ಮುಂದಿನ ಸಂಚಿಕೆಗೆ ಹಳೆಯ ರೇಷ್ಮೆ ಸೀರೆಗಳ ಜರಿ ಕಪ್ಪಾಗದಂತೆ ಇಡುವ ಬಗೆ ಕೇಳಿ ಮೂವರು ಬರೆದಿದ್ದಾರೆ. ಅದನ್ನು ಬರೆಯುತ್ತೇನೆ. ನಿಮ್ಮ ಮನೆಯ ಟ್ರಂಕಿನಲ್ಲಿ ಏನಿದೆ ಎಂದು ನೀವೂ ಬರೆಯಿರಿ.